ವರ್ಷಕ್ಕೊಮ್ಮೆ ಬರುವ ಆರೋಪಿ

ಬೇರೆಯವರ ಮನೆಯ ಗುಟ್ಟು ಹುಡುಕುವುದೇ ನನ್ನ ಕೆಲಸ. ಇಂದಿರಾನಗರದಲ್ಲಿ ಒಂದು ಬ್ಯೂಟಿ ಪಾರ್ಲರಿನ ಮೇಲಿರುವ ನಮ್ಮ ಆಫೀಸಿಗೆ ದೊಡ್ಡ ದೊಡ್ಡ ಕಂಪನಿಗಳು ತಾವು ಕೆಲಸಕ್ಕೆ ತೆಗೆದುಕೊಳ್ಳಲಿರುವವರ ಪಟ್ಟಿ ಕಳಿಸುತ್ತವೆ. ಇವನ ಮೇಲೆ ಕೇಸು ಇದೆಯೇ, ಇವಳು ಎಂದಾದರೂ ಅರೆಸ್ಟ್ ಆಗಿದ್ದಳೇ, ವಾರಂಟ್ ಬಾಕಿ ಇದೆಯೇ, ಅಪ್ಪ ಸತ್ತಿದ್ದಾನೆ ಎಂದು ಅರ್ಜಿಯಲ್ಲಿ ಬರೆದಿದ್ದಾನಲ್ಲ, ನಿಜವಾಗಿಯೂ ಸತ್ತಿದ್ದಾನೆಯೇ? ಇವನ್ನೆಲ್ಲ ಕೋರ್ಟಿನ ವೆಬ್‌ಸೈಟಿನಲ್ಲಿ, ಪೊಲೀಸ್ ದಾಖಲೆಯಲ್ಲಿ, ಜನನ ಮರಣದ ರಿಜಿಸ್ಟರಿನಲ್ಲಿ ತಡಕಾಡಿ, ಹೆಸರಿನ ಮುಂದೆ ಹಸಿರು, ಹಳದಿ ಅಥವಾ ಕೆಂಪು ಗುರುತು ಹಾಕುವವಳು ನಾನು. ಆರು ವರ್ಷದಿಂದ ಹಾಕುತ್ತಿದ್ದೇನೆ. ಕೆಂಪು ಹಾಕುವಾಗ ಒಂದು ದಿನವೂ ಎರಡನೇ ಸಲ ಯೋಚಿಸಿದ್ದಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಕೆಲಸ ಬೇಗ ಮುಗಿಯಿತು. ಸುಮ್ಮನೆ ಕೂತು ಟೀ ಕುಡಿಯಬಹುದಿತ್ತು. ಇರಲಾರದವರು ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ನಾನು ಕೋರ್ಟಿನ ವೆಬ್‌ಸೈಟಿನಲ್ಲಿ ನಮ್ಮ ತಾತನ ಹೆಸರು ಒತ್ತಿದೆ. ಮುನಿಆಂಜನಪ್ಪ, ಮಹದೇವಪುರ. ಒಂದೇ ಒಂದು ಕೇಸು ಬಂತು. ಸಾವಿರದ ಒಂಬೈನೂರ ತೊಂಬತ್ತೇಳನೇ ಇಸವಿಯದು. ಕೇಸಿನ ಹಂತ: ಜಾಮೀನುರಹಿತ ವಾರಂಟ್. ಆರೋಪಿ: ತಲೆಮರೆಸಿಕೊಂಡಿದ್ದಾನೆ.

ತಾತ ತೀರಿಕೊಂಡು ಇಪ್ಪತ್ನಾಲ್ಕು ವರ್ಷವಾಗಿದೆ. ಹೆಣದ ಹಿಂದೆ ಯಾರದೋ ಹೆಗಲ ಮೇಲೆ ಕೂತು ಹೋದ ನೆನಪು ನನಗೇ ಇದೆ.

ಕೇಸು ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅದು ನಮ್ಮ ಮನೆಯ ತಮಾಷೆಯ ಕಥೆ. ರಿಂಗ್ ರೋಡಿಗೆ ಅಳತೆ ಮಾಡಲು ಬಂದವರು ತಾತನ ರಾಗಿ ಹೊಲದಲ್ಲಿ ನಾಲ್ಕು ಕಲ್ಲು ನೆಟ್ಟು ಹೋದರಂತೆ. ಮಾರನೆಯ ಬೆಳಿಗ್ಗೆ ತಾತ ನಾಲ್ಕನ್ನೂ ಕಿತ್ತು, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು, ಹಿತ್ತಲಲ್ಲಿ ಜೋಡಿಸಿ ಅಜ್ಜಿಗೆ ಬಟ್ಟೆ ಒಗೆಯುವ ಕಟ್ಟೆ ಮಾಡಿಕೊಟ್ಟ. ಸರ್ಕಾರಿ ಕೆಲಸಕ್ಕೆ ಅಡ್ಡಿ, ಸರ್ಕಾರಿ ಕಲ್ಲಿನ ಕಳವು ಎಂದು ಕೇಸಾಯಿತು. ಏಳೆಂಟು ಸಲ ಕೋರ್ಟಿಗೆ ಅಲೆದ. ಆಮೇಲೆ ಸತ್ತ. ಕೋರ್ಟಿಗೆ ಹೋಗಿ ಸತ್ತ ಎಂದು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಣೆ ಹೊರಬೇಕಿದ್ದವರು ನಮ್ಮಪ್ಪ ಮುನಿರಾಜ್. ಕೇಳಿದರೆ ಇವತ್ತಿಗೂ ಒಂದೇ ಮಾತು: "ಸತ್ತೋನ್ ಮೇಲೆ ಯಾವ್ ಕೇಸಮ್ಮ?"

ನಾನು ಓದಿದವಳಲ್ಲವೇ? ಪೊಲೀಸ್ ವೆಬ್‌ಸೈಟಿನಲ್ಲಿ ಒಂದು ಮನವಿ ಬರೆದೆ. ಆರೋಪಿ ಮೃತಪಟ್ಟಿದ್ದಾರೆ, ದಾಖಲೆ ಸರಿಪಡಿಸಿ ಎಂದು. ಮೂರೇ ದಿನದಲ್ಲಿ ಉತ್ತರ ಬಂತು: ಸೂಕ್ತ ಕ್ರಮಕ್ಕಾಗಿ ಠಾಣೆಗೆ ಕಳಿಸಲಾಗಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಸೂಕ್ತ ಕ್ರಮ ಭಾನುವಾರ ಬೆಳಿಗ್ಗೆ ಒಂದು ಹಳೇ ಬೈಕಿನಲ್ಲಿ ಮನೆಗೆ ಬಂತು.

ಬಂದವರು ಹೆಡ್ ಕಾನ್‌ಸ್ಟೇಬಲ್ ಶಿವಪುತ್ರ. ವಿಜಯಪುರದ ಕಡೆಯವರು, ದಪ್ಪ ಮೀಸೆ, ಮೆತ್ತನೆ ದನಿ. ಒಳಗೆ ಬನ್ನಿ ಎಂದರೂ ಬರದೆ, ಹಿತ್ತಲಿಗೆ ನಡೆದು, ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಆರಾಮಾಗಿ ಕೂತರು. ಕಳುವಿನ ಮಾಲಿನ ಮೇಲೆಯೇ ಕೂತಿದ್ದೀರಿ ಎಂದು ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

"ಮುನಿಆಂಜನಪ್ಪ ಅಂದ್ರ ಯಾರ್ರಿ? ವಾರಂಟ್ ಐತ್ರಿ," ಎಂದರು.

"ಅವರು ತೀರ್ಕೊಂಡು ಇಪ್ಪತ್ನಾಲ್ಕು ವರ್ಷ ಆಯ್ತು ಸರ್. ನಾನೇ ಮನವಿ ಹಾಕಿದ್ದು," ಎಂದೆ.

"ಆಗಿರಬೇಕ್ರಿ ಮೇಡಂ. ಡೆತ್ ಸರ್ಟಿಫಿಕೇಟ್ ಕೊಡ್ರಿ, ಈಗ ಹೊಕ್ಕೀನಿ."

ಸರ್ಟಿಫಿಕೇಟ್ ಇರಲಿಲ್ಲ. ಯಾರೂ ಮಾಡಿಸಿರಲಿಲ್ಲ. ಶಿವಪುತ್ರ ನಿಟ್ಟುಸಿರು ಬಿಟ್ಟು, ಹಾಗಾದರೆ ಹೆಂಡತಿಯ ಹೇಳಿಕೆ ಬರೆದುಕೊಳ್ಳಬೇಕಾಗುತ್ತದೆ ಎಂದರು. ಅಜ್ಜಿ ಮುನಿಶಾಮಮ್ಮ, ಎಪ್ಪತ್ತೊಂಬತ್ತು ವರ್ಷ, ಸೆರಗಿಗೆ ಕೈ ಒರೆಸುತ್ತ ಬಂದು ಮೆಟ್ಟಿಲ ಮೇಲೆ ಕೂತಳು. ನಾನು ಕಾಫಿ ತರಲು ಒಳಗೆ ಹೋದೆ. ಆ ಎರಡು ನಿಮಿಷದಲ್ಲಿ ಎಲ್ಲ ಹಾಳಾಗಿ ಹೋಯಿತು. ಲೋಟ ಹಿಡಿದು ವಾಪಸು ಬರುವಾಗ ಶಿವಪುತ್ರ ಕೇಳುತ್ತಿದ್ದರು:

"ನಿಮ್ಮ ಯಜಮಾನ್ರು ಕಡೀ ಸಲ ಮನಿಗೆ ಬಂದಿದ್ದು ಯಾವಾಗ್ರಿ ಅಜ್ಜಿ?"

"ಹೋದ್ ವರ್ಷ ಮಾಲಯ ಅಮಾಸೆಗೆ ಬಂದಿದ್ರು ಕಣಪ್ಪ."

"ಪ್ರತಿ ವರ್ಷ ಬರ್ತಾರೇನ್ರಿ?"

"ತಪ್ಪದೆ ಬರ್ತಾರೆ. ಮುದ್ದೆ, ತಲೆಕಾಲ್ ಸಾರು, ಕಜ್ಜಾಯ, ಒಂದು ಕ್ವಾರ್ಟ್ರು ಬ್ರಾಂದಿ. ಬೀಡಿ ಒಂದು ಕಟ್ಟು. ಎಲ್ಲಾ ಇಟ್ಟಿರ್ತೀನಿ. ಊಟ ಮಾಡ್ಕೊಂಡು ಹೋಗ್ತಾರೆ."

ನಮ್ಮ ಕಡೆ ಹಿರಿಯರ ಹಬ್ಬ ಮಾಡುವುದು ಹೀಗೆಯೇ. ಮಹಾಲಯ ಅಮಾವಾಸ್ಯೆಯ ದಿನ ದೀಪ ಹಚ್ಚುವ ಹೊತ್ತಿಗೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ಹೊಸ ಪಂಚೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಹೊರಗೆ ಕೂರುತ್ತೇವೆ. ಸತ್ತವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನಾವು ಉಣ್ಣುತ್ತೇವೆ. ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಸರ್, ಅದು ಎಡೆ. ದಯವಿಟ್ಟು ಬರ್ಕೋಬೇಡಿ," ಎಂದು ಓಡಿದೆ.

"ಗೊತ್ತೈತ್ರಿ ಮೇಡಂ. ನಮ್ಮೂರಾಗೂ ಮಾಡ್ತೀವಿ. ನಮ್ಮಪ್ಪನೂ ಬರ್ತಾನ. ಆದ್ರ ನಮ್ಮಪ್ಪನ ಮ್ಯಾಲ ವಾರಂಟ್ ಇಲ್ಲಲ್ರಿ."

"ಹಾಗಾದ್ರೆ ಹೊಡೆದುಹಾಕಿ."

"ಹೊಡದ್ರ ಯಾಕ ಹೊಡದಿ ಅಂತ ಕೇಳ್ತಾರ್ರಿ. ಅಜ್ಜಿ ಏನ್ ಹೇಳ್ತಾರ ಅದನ್ನ ಬರೀಬೇಕು, ಅಷ್ಟ."

ಬರೆದದ್ದನ್ನು ನಿಯಮದಂತೆ ಓದಿ ಹೇಳಿದರು: "ಸದರಿ ಆಸಾಮಿಯು ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯಂದು ಮಧ್ಯಾಹ್ನ ಮನೆಗೆ ಬಂದು, ಮುದ್ದೆ, ತಲೆಕಾಲು ಸಾರು, ಕಜ್ಜಾಯ ಮತ್ತು ಮದ್ಯ ಸೇವಿಸಿ, ಯಾರಿಗೂ ಕಾಣಿಸಿಕೊಳ್ಳದೆ ಹೋಗುತ್ತಾನೆಂದು ಆತನ ಹೆಂಡತಿಯು ತಿಳಿಸಿರುತ್ತಾರೆ."

ಅಜ್ಜಿ ಗಮನವಿಟ್ಟು ಕೇಳಿ, "ಮಧ್ಯಾಹ್ನ ಅಲ್ಲಪ್ಪ, ದೀಪ ಹಚ್ಚೋ ಹೊತ್ತು," ಎಂದು ತಿದ್ದಿ ಹೆಬ್ಬೆಟ್ಟು ಒತ್ತಿದಳು.

ಹತ್ತು ದಿನದ ಮೇಲೆ ಶಿವಪುತ್ರ ಅವರೇ ಫೋನ್ ಮಾಡಿದರು. ದನಿಯಲ್ಲಿ ಸಂಕೋಚವಿತ್ತು. ಅವರ ಸಾಹೇಬರು ಹೇಳಿಕೆ ಓದಿ ಬಹಳ ಖುಷಿಯಾಗಿದ್ದಾರಂತೆ. ಇಪ್ಪತ್ತೆಂಟು ವರ್ಷದ ಹಳೇ ಕೇಸು, ಆಸಾಮಿ ಬರುವ ದಿನ ಗೊತ್ತಿದೆ, ಹೊತ್ತು ಗೊತ್ತಿದೆ, ಏನು ತಿನ್ನುತ್ತಾನೆ ಎಂಬುದೂ ಗೊತ್ತಿದೆ, ಇನ್ನೇನು ಬೇಕು ನಿಮಗೆ ಎಂದು ರೇಗಿದ್ದಾರಂತೆ. ಅಮಾವಾಸ್ಯೆಯ ದಿನ ನಾಲ್ಕು ಜನ ಪೊಲೀಸರನ್ನು ಹಾಕಿದ್ದಾರೆ. ಇಬ್ಬರು ಎಲೆಯ ಪಕ್ಕ, ಇಬ್ಬರು ಹಿತ್ತಲ ಗೋಡೆಯ ಹತ್ತಿರ.

ನಾನು ನಕ್ಕೆ. ಅಪ್ಪ ಅಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಂದು ಕೂತು ಹೋಗಲಿ ಬಿಡು, ಅವರಿಗೂ ಒಂದೊಂದು ಮುದ್ದೆ ಹಾಕಿದರಾಯಿತು ಎಂದರು. ಅಜ್ಜಿ ನಗಲಿಲ್ಲ. ಅವಳ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು.

ಕೇಸಾದ ಮೇಲೆ ತಾತನಿಗೆ ಖಾಕಿ ಕಂಡರೆ ಜೀವವೇ ಹೋಗುತ್ತಿತ್ತಂತೆ. ಪೋಸ್ಟ್‌ಮ್ಯಾನ್ ಬಂದರೂ ಹಿತ್ತಲ ಗೋಡೆ ಹಾರುತ್ತಿದ್ದ. ಅತ್ತೆಯನ್ನು ನೋಡಲು ಬಂದ ಗಂಡು ಬಸ್ ಕಂಡಕ್ಟರು, ಡ್ಯೂಟಿ ಮುಗಿಸಿ ಹಾಗೆಯೇ ಬಂದುಬಿಟ್ಟಿದ್ದ. ಹೆಣ್ಣಿನ ಅಪ್ಪ ಎಲ್ಲಿ ಎಂದು ಹುಡುಕಿದರೆ ತಾತ ಪಕ್ಕದ ಊರಿನ ತೋಪಿನಲ್ಲಿ ಸಿಕ್ಕಿದನಂತೆ.

"ಮನೆ ಒಳಗೆ ಪೊಲೀಸ್ ಕೂತಿದ್ರೆ ಅವರು ಗೇಟ್ ಹತ್ರಾನೂ ಬರಲ್ಲ," ಎಂದಳು ಅಜ್ಜಿ. "ವರ್ಷಕ್ಕೆ ಒಂದೇ ಊಟ. ಅದನ್ನೂ ಕಿತ್ಕೊಂಡ್ರೆ ಇನ್ನೊಂದು ವರ್ಷ ಹಸ್ಕೊಂಡು ಎಲ್ಲಿ ಅಲೀಬೇಕು ಅವರು?" ಆಮೇಲೆ ನನ್ನ ಕಡೆ ತಿರುಗಿದಳು. "ಯಾರ್ ಹೇಳಿದ್ರು ನಿಂಗೆ, ಕಂಪ್ಯೂಟರ್‌ನಲ್ಲಿ ನಮ್ಮೋರ್ನ ಹುಡ್ಕು ಅಂತ?"

ಅವತ್ತು ಅವಳು ಊಟ ಮಾಡಲಿಲ್ಲ, ಮಾರನೆಯ ದಿನವೂ ಅರ್ಧ ಮುದ್ದೆ ಬಿಟ್ಟು ಎದ್ದಳು. ನನಗೆ ತಾತ ಬರುತ್ತಾನೆ ಎಂಬ ನಂಬಿಕೆ ಇರಲಿಲ್ಲ, ಈಗಲೂ ಇದೆ ಎಂದು ಹೇಳಲಾರೆ. ಆದರೆ ಬರುವವನನ್ನು ಬರದಂತೆ ಮಾಡಿದವಳು ನಾನೇ ಎಂದು ತಿಳಿದು ಸಂಕಟವಾಯಿತು. ಅಮಾವಾಸ್ಯೆಗೆ ಇನ್ನು ಹದಿನೆಂಟು ದಿನವಿತ್ತು. ಅಷ್ಟರೊಳಗೆ ತಾತ ಸತ್ತಿದ್ದಾನೆ ಎಂದು ಸರ್ಕಾರಕ್ಕೆ ಒಪ್ಪಿಸಬೇಕಿತ್ತು.

ವಾರ್ಡ್ ಆಫೀಸಿನ ಮರಣ ನೋಂದಣಿ ಗುಮಾಸ್ತ ಗುರುರಾಜ್ ಅವರು ನಿಜಕ್ಕೂ ಒಳ್ಳೆಯ ಮನುಷ್ಯ. ಬಹುವಚನ ಬಿಟ್ಟು ಮಾತಾಡಿದ್ದಿಲ್ಲ. ಎರಡು ಸಾವಿರದ ಒಂದರ ರಿಜಿಸ್ಟರನ್ನು ನನ್ನೆದುರೇ ತೆರೆದು ಬೆರಳಿಟ್ಟು ನೋಡಿದರು.

"ಜುಲೈನಲ್ಲಿ ಒಂಬತ್ತು ಜನ ತೀರಿಕೊಂಡಿದ್ದಾರಮ್ಮ. ನಿಮ್ಮ ತಾತನವರು ಇವರಲ್ಲಿಲ್ಲ. ಸ್ಮಶಾನದ ಚೀಟಿ ಇದ್ರೆ ಏನಾದ್ರೂ ಮಾಡಬಹುದಿತ್ತು."

ಸ್ಮಶಾನಕ್ಕೆ ಒಯ್ದಿದ್ದರೆ ತಾನೇ ಚೀಟಿ? ನಮ್ಮವರು ಸತ್ತವರನ್ನು ಸ್ವಂತ ಹೊಲದಲ್ಲಿ ಮಣ್ಣು ಮಾಡುವವರು. ಅಲ್ಲಿ ಚೀಟಿ ಕೊಡುವವರಾರು, ಈಸಿಕೊಳ್ಳುವವರಾರು?

"ಹೊಲದಲ್ಲಿ ಸಮಾಧಿ ಇದೆಯಾ? ಇದ್ರೆ ಸ್ಥಳ ಪರಿಶೀಲನೆ ಮಾಡಿ ಬರೀತೀನಿ," ಎಂದರು.

"ಸಮಾಧಿ ಇದೆ ಸರ್. ಹೊಲ ಇಲ್ಲ."

ಹೊಲ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್. ಬಿಲ್ಡರಿಗೆ ಜಾಗ ಕೊಡುವಾಗ ಅಪ್ಪ ಹಾಕಿದ್ದ ಒಂದೇ ಷರತ್ತು, ಸಮಾಧಿ ಮುಟ್ಟಬಾರದು ಎಂದು. ಬಿಲ್ಡರ್ ಮುಟ್ಟಲಿಲ್ಲ. ಅದರ ಎರಡು ಬದಿಗೆ ಕಂಬ ಎಬ್ಬಿಸಿ ಕಟ್ಟಡವನ್ನೇ ಮೇಲಕ್ಕೆ ಕಟ್ಟಿಬಿಟ್ಟ. ಹಾಗಾಗಿ ನಮ್ಮ ತಾತ ತಳಮಹಡಿಯ ಪಾರ್ಕಿಂಗಿನಲ್ಲಿ, ಒಂದು ಕೆಂಪು ಕಾರು ಮತ್ತು ಒಂದು ಮಗುವಿನ ಸೈಕಲ್ಲಿನ ಮಧ್ಯೆ ಮಲಗಿದ್ದಾನೆ. ಅಪಾರ್ಟ್‌ಮೆಂಟ್ ಸಂಘದವರು ಅಲ್ಲಿಗೆ 'ಅತಿಥಿಗಳಿಗೆ ಮಾತ್ರ' ಎಂಬ ಬೋರ್ಡು ಹಾಕಿದ್ದಾರೆ.

ಗುರುರಾಜ್ ಅವರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಗೇಟಿನಲ್ಲಿ ಸೆಕ್ಯುರಿಟಿಯ ಸಲ್ಮಾನ್ ರಿಜಿಸ್ಟರ್ ಮುಂದೆ ಮಾಡಿದ.

"ಸರ್, ಯಾರನ್ನ ನೋಡೋಕ್ ಬಂದಿದ್ದೀರ, ಬರೀಬೇಕು."

"ಮುನಿಆಂಜನಪ್ಪನವರನ್ನ," ಎಂದು ಗುರುರಾಜ್ ದುಂಡಗಿನ ಅಕ್ಷರದಲ್ಲಿ ಬರೆದರು. ಸರ್ಕಾರಿ ನೌಕರರು, ಸುಳ್ಳು ಬರೆಯುವವರಲ್ಲ.

"ಫ್ಲ್ಯಾಟ್ ನಂಬರ್?"

"ಕೆಳಗಡೆ, ಪಾರ್ಕಿಂಗಲ್ಲಿ," ಎಂದೆ ನಾನು.

"ಓ, ತಾತಾನಾ? ಹೋಗಿ ಅಕ್ಕ, ಅವರಿಗೆ ಪರ್ಮಿಷನ್ ಕೇಳೋದ್ ಬೇಡ," ಎಂದು ಸಲ್ಮಾನ್ ಗೇಟು ತೆಗೆದ.

ಗುರುರಾಜ್ ಮುಂದಕ್ಕೆ ಹೋಗಲಿಲ್ಲ. ರಿಜಿಸ್ಟರಿನ ಹಿಂದಿನ ಪುಟಗಳನ್ನು ಮಗುಚತೊಡಗಿದರು. ಅವರ ಮುಖ ಬಾಡುತ್ತ ಬಂತು. ನಾವು ಪೂಜೆಗೆ ಬಂದಾಗಲೆಲ್ಲ ಗೇಟಿನಲ್ಲಿ ಇದೇ ಹೆಸರು ಬರೆದಿದ್ದೆವು. ಯಾರನ್ನು ನೋಡಲು: ಮುನಿಆಂಜನಪ್ಪ. ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ, ಸಹಿ. ಭೇಟಿಯ ಕಾರಣ ಎಂಬಲ್ಲಿ ಒಮ್ಮೆ ಅಪ್ಪ 'ಮಾತಾಡಿಸಲು' ಎಂದೂ ಬರೆದಿದ್ದರು.

ಸಮಾಧಿಯ ಮುಂದೆ ನಿಂತು ಗುರುರಾಜ್ ಕೈ ಮುಗಿದರು. ಅದರ ಮೇಲೆ ಹೆಸರಿರಲಿಲ್ಲ, ತಾರೀಕಿರಲಿಲ್ಲ. ಬಳಿದ ಸುಣ್ಣ ಮತ್ತು ಒಂದು ದೀಪದ ಗೂಡು, ಅಷ್ಟೇ.

"ಇದು ಸಮಾಧಿ ಅನ್ನೋದು ನಿಜ. ಯಾರದು ಅಂತ ಹೆಂಗಮ್ಮ ಬರೀಲಿ? ಠಾಣೆಯಿಂದ ಅವರು ತೀರಿಕೊಂಡಿದ್ದಾರೆ ಅಂತ ಒಂದು ವರದಿ ತನ್ನಿ, ಮುಂದಕ್ಕೆ ಕಳಿಸ್ತೀನಿ."

ಠಾಣೆಯ ವರದಿ, ಅಂದರೆ ಅಜ್ಜಿಯ ಹೇಳಿಕೆಯ ನಕಲು, ಅವರ ಕೈಯಲ್ಲೇ ಇತ್ತು. ನಾನೇ ಕೊಟ್ಟಿದ್ದೆ. ಅದನ್ನು ಇನ್ನೊಮ್ಮೆ ಓದಿದರು. "ಮುದ್ದೆ, ತಲೆಕಾಲು ಸಾರು, ಕಜ್ಜಾಯ," ಎಂದು ನಿಧಾನವಾಗಿ ಹೇಳಿ ಕನ್ನಡಕ ತೆಗೆದರು. "ನಂಗೆ ಶುಗರ್ ಇದೆಯಮ್ಮ. ದಾಖಲೆ ಪ್ರಕಾರ ನಿಮ್ಮ ತಾತನವರು ನನಗಿಂತ ಚೆನ್ನಾಗಿದ್ದಾರೆ."

ಸರ್ಟಿಫಿಕೇಟ್ ಬೇಕಾದರೆ ಠಾಣೆಯವರು ಸತ್ತ ಎನ್ನಬೇಕು, ಠಾಣೆಯವರು ಸತ್ತ ಎನ್ನಬೇಕಾದರೆ ಸರ್ಟಿಫಿಕೇಟ್ ಬೇಕು. ನನಗೆ ಬಂದ ಸಿಟ್ಟಿಗೆ ಆ ಕೆಂಪು ಕಾರನ್ನು ಒದೆಯಬೇಕು ಅನ್ನಿಸಿತು. ನಾನು ಇಷ್ಟು ದಿನ ಎಷ್ಟು ಜನರ ಹೆಸರಿನ ಮುಂದೆ ಹೀಗೆಯೇ ಕೆಂಪು ಹಾಕಿದ್ದೇನೋ ಎಂದು ಆಗ ಮೊದಲ ಸಲ ಯೋಚನೆ ಬಂತು.

ಉಳಿದದ್ದು ವಕೀಲರು. ಶಿವಾಜಿನಗರದಲ್ಲಿ ವಾಚ್ ರಿಪೇರಿ ಅಂಗಡಿಯ ಮೇಲೆ ಚಾಂದ್ ಪಾಷಾ ಅವರ ಆಫೀಸು. ವಯಸ್ಸಾದವರು, ನಮ್ಮ ಆಫೀಸಿನ ಹಳೇ ದಾಖಲೆಯ ತಕರಾರುಗಳನ್ನು ಬಿಡಿಸಿಕೊಡುವವರು. ಎಲ್ಲ ಕಾಗದ ಓದಿ, ಅಪಾರ್ಟ್‌ಮೆಂಟಿನ ರಿಜಿಸ್ಟರಿನ ಫೋಟೋ ನೋಡಿ, ಐದು ನಿಮಿಷ ಬಿಡದೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ನನ್ನ ಜೊತೆ ಬಂದಿದ್ದ ಅಜ್ಜಿಯ ಕಡೆ ತಿರುಗಿದರು.

"ನೋಡಮ್ಮಾ, ಶುಕ್ರವಾರ ಕೋರ್ಟ್‌ಗೆ ಅರ್ಜಿ ಹಾಕ್ತೀನಿ, ವಾರಂಟ್ ವಾಪಸ್ ತಗೊಳ್ಳಿ ಅಂತ. ಜಡ್ಜಮ್ಮ ನಿಮ್ಮನ್ನ ಕೇಳ್ತಾರೆ. ನೀವು ಎರಡೇ ಮಾತು ಹೇಳಿ. ಸತ್ತಿದ್ದಾರೆ. ಬರೋದಿಲ್ಲ. ಅಷ್ಟೇ, ಖತಂ."

"ಸತ್ತಿದ್ದಾರೆ ಅಂತ ಹೇಳ್ತೀನಿ," ಎಂದಳು ಅಜ್ಜಿ.

"ಬರೋದಿಲ್ಲ ಅಂತಾನೂ."

"ಅದು ಹೇಳಲ್ಲ."

ಚಾಂದ್ ಪಾಷಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಅಮ್ಮಾ, ನಮ್ಮಲ್ಲೂ ಶಬೇ ಬರಾತ್ ದಿನ ಕಬರ್ ಹತ್ರ ಹೋಗಿ ನಮ್ಮೋರ ಜೊತೆ ಮಾತಾಡಿ ಬರ್ತೀವಿ. ನಾನೂ ಮಾತಾಡ್ತೀನಿ, ನಮ್ಮ ಅಮ್ಮೀ ಜೊತೆ. ಆದ್ರೆ ಕೋರ್ಟಲ್ಲಿ ಹೇಳ್ತೀನಾ? ಮನೆ ಮಾತು ಮನೇಲಿ, ಕೋರ್ಟ್ ಮಾತು ಕೋರ್ಟಲ್ಲಿ."

ಅಜ್ಜಿ ಎದ್ದು ಚಪ್ಪಲಿ ಹಾಕಿಕೊಂಡಳು.

ವಾಪಸು ಬರುವಾಗ ಆಟೋ ಹಲಸೂರಿನ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು. ನನಗೆ ತಾಳ್ಮೆ ಮುಗಿದಿತ್ತು. "ಒಂದು ಸುಳ್ಳು ಅಜ್ಜಿ! ಒಂದೇ ಒಂದು! ಬಿಬಿಎಂಪಿಯವರು ಬಂದಾಗ ಬಾಡಿಗೆದಾರರಿಲ್ಲ ಅಂತ ಎಷ್ಟು ಸಲ ಹೇಳಿಲ್ಲ ನೀನು? ಈ ಸಲ ಹೇಳೋಕೆ ಏನು ಕಷ್ಟ?" ಎಂದು ಕೂಗಾಡಿದೆ. ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದ, ನೋಡಲಿ ಎಂದು ಬಿಟ್ಟೆ.

"ಸುಳ್ಳು ಹೇಳೋಕೆ ನಂಗೇನ್ ಭಯ? ಮುನೇಶ್ವರನ ಮೇಲೆ ಆಣೆ ಇಟ್ಟೂ ಹೇಳ್ತೀನಿ," ಎಂದಳು ಅಜ್ಜಿ. ಆಮೇಲೆ ಸೆರಗು ಎಳೆದುಕೊಂಡು ಹೇಳಿದಳು, "ಅವರು ಕೇಳಿಸ್ಕೊಂಡ್ಬಿಟ್ರೆ? ಇವಳೇ ಬರಲ್ಲ ಅಂತ ಹೇಳ್ಬಿಟ್ಳು, ಇನ್ನು ಯಾಕ್ ಹೋಗ್ಲಿ ಅಂದ್ಕೊಂಡ್ರೆ? ಆಮೇಲೆ ಯಾವ ಮುಖ ಇಟ್ಕೊಂಡು ಎಲೆ ಹಾಕ್ಲಿ?"

ಬರುತ್ತಾನೆ ಎಂದರೆ ಪೊಲೀಸರು ಬಂದು ಕೂರುತ್ತಾರೆ, ಅವನು ಬರುವುದಿಲ್ಲ. ಬರುವುದಿಲ್ಲ ಎಂದರೆ ಪೊಲೀಸರು ಬರುವುದಿಲ್ಲ, ಅವನೂ ಬರುವುದಿಲ್ಲ. ಹೇಗೆ ಹೇಳಿದರೂ ಆ ಮುದುಕಿ ತನ್ನ ಗಂಡನನ್ನು ಕಳೆದುಕೊಳ್ಳುತ್ತಾಳೆ, ಎರಡನೇ ಸಲ. ಅವಳ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ.

ಶುಕ್ರವಾರ ಬಂತು. ಅಮಾವಾಸ್ಯೆ ಭಾನುವಾರ. ಕೋರ್ಟಿನಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಜಡ್ಜಮ್ಮ ವಯಸ್ಸಿನಲ್ಲಿ ನನಗಿಂತ ಒಂದೈದು ವರ್ಷ ದೊಡ್ಡವರಿರಬಹುದು. ಶೀತವಾಗಿ ಮೂಗು ಕೆಂಪಾಗಿತ್ತು. ಸರ್ಕಾರಿ ವಕೀಲರು ಎದ್ದು, ಆರೋಪಿ ಇಪ್ಪತ್ತೆಂಟು ವರ್ಷದ ಹಳೇ ಕೇಸಿನಲ್ಲಿ ತಲೆಮರೆಸಿಕೊಂಡವನು, ಈಗ ಖಚಿತ ಸುಳಿವು ಸಿಕ್ಕಿದೆ, ಭಾನುವಾರ ಸಂಜೆ ದಸ್ತಗಿರಿ ಮಾಡಲು ಎಲ್ಲ ತಯಾರಿ ಆಗಿದೆ, ಈ ಹಂತದಲ್ಲಿ ವಾರಂಟ್ ವಾಪಸು ಪಡೆದರೆ ಪೊಲೀಸರ ಶ್ರಮ ವ್ಯರ್ಥ ಎಂದರು. ಜಡ್ಜಮ್ಮ ಹೇಳಿಕೆಯನ್ನು ಓದಿದರು. ಮತ್ತೊಮ್ಮೆ ಓದಿದರು. ಮೂಲೆಯಲ್ಲಿ ನಿಂತಿದ್ದ ಶಿವಪುತ್ರ ಅವರನ್ನು ಕರೆದರು.

"ನೀವೇ ಬರೆದಿದ್ದಾ ಇದು? ಈ ಮನುಷ್ಯ ಬರ್ತಾನೆ ಅಂತ ನೀವು ನಂಬ್ತೀರಾ?"

ಶಿವಪುತ್ರ ಟೋಪಿ ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ನಿಂತರು. "ನಂಬ್ತೀನ್ರಿ ಮೇಡಂ. ಬರ್ತಾರ. ಆದ್ರ ಹಿಡ್ಯಾಕ ಆಗೂದಿಲ್ರಿ."

ಹಿಂದೆ ಕೂತಿದ್ದ ವಕೀಲರೆಲ್ಲ ನಕ್ಕರು. ಜಡ್ಜಮ್ಮ ಪೆನ್ನಿನಿಂದ ಮೇಜು ತಟ್ಟಿ ಅಜ್ಜಿಯನ್ನು ಕಟಕಟೆಗೆ ಕರೆಸಿದರು. ಪ್ರಮಾಣ ಮಾಡಿಸಿದರು. ಚಾಂದ್ ಪಾಷಾ ಎರಡು ಬೆರಳು ತೋರಿಸಿ ಅಜ್ಜಿಗೆ ನೆನಪು ಮಾಡಿದರು. ಎರಡು ಮಾತು.

"ನಿಮ್ಮ ಯಜಮಾನರು ಎಲ್ಲಿದ್ದಾರೆ ಅಜ್ಜಿ?"

"ಸತ್ತಿದ್ದಾರೆ ತಾಯಿ."

ಚಾಂದ್ ಪಾಷಾ ಒಂದು ಬೆರಳು ಮಡಚಿದರು.

"ಹಾಗಾದ್ರೆ ಅವರು ಮನೆಗೆ ಬರ್ತಾರೆ ಅಂತ ಇಲ್ಲಿ ಬರೆದಿರೋದು ಸುಳ್ಳಾ?"

ಅಜ್ಜಿ ಕಟಕಟೆಯ ಕಂಬಿ ಹಿಡಿದುಕೊಂಡಳು. ಒಮ್ಮೆ ನನ್ನ ಕಡೆ ನೋಡಿದಳು. ನಿನಗೆ ತೋಚಿದ್ದು ಹೇಳು ಎಂದು ತಲೆಯಾಡಿಸಿದೆ. ಬೇರೆ ಏನು ಮಾಡಲಿ?

"ಸುಳ್ಳಲ್ಲ. ಬರ್ತಾರೆ."

ಚಾಂದ್ ಪಾಷಾ ಹಣೆಗೆ ಕೈ ಹಚ್ಚಿಕೊಂಡು ಕೂತುಬಿಟ್ಟರು. ಸರ್ಕಾರಿ ವಕೀಲರು ಗೆದ್ದವರಂತೆ ಫೈಲು ಮುಚ್ಚಿದರು. ಜಡ್ಜಮ್ಮ ಕರವಸ್ತ್ರದಿಂದ ಮೂಗೊರೆಸಿಕೊಂಡು ತಾಳ್ಮೆಯಿಂದಲೇ ಕೇಳಿದರು.

"ವರ್ಷಕ್ಕೊಂದು ಸಲ ಮನೆಗೆ ಬಂದು ಹೋಗೋರನ್ನ ಸತ್ತಿದ್ದಾರೆ ಅಂತ ನಾನು ಹೆಂಗೆ ಬರೀಲಿ ಅಜ್ಜಿ?"

"ವರ್ಷಕ್ಕೊಂದು ಸಲ ಬರ್ತಾರಲ್ಲ ತಾಯಿ, ಅದಕ್ಕೇ," ಎಂದಳು ಅಜ್ಜಿ. "ಬದುಕಿದ್ರೆ ದಿನಾ ಬರ್ತಿರ್ಲಿಲ್ವಾ?"

ಯಾರೂ ನಗಲಿಲ್ಲ. ಸರ್ಕಾರಿ ವಕೀಲರು ಏನೋ ಹೇಳಲು ಎದ್ದವರು ಹಾಗೆಯೇ ಕೂತರು. ಜಡ್ಜಮ್ಮ ಬಹಳ ಹೊತ್ತು ಅಜ್ಜಿಯನ್ನೇ ನೋಡಿದರು. ಆಮೇಲೆ ಟೈಪಿಸ್ಟಿನ ಕಡೆ ತಿರುಗಿ, ಸಾಕ್ಷಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಒಂದಕ್ಷರ ಬದಲಿಸಬೇಡಿ ಎಂದರು. ಆರೋಪಿ ಮೃತಪಟ್ಟಿರುವುದು ಹೆಂಡತಿಯ ಮಾತಿನಿಂದ ನ್ಯಾಯಾಲಯಕ್ಕೆ ಮನದಟ್ಟಾಗಿದೆ, ವಾರಂಟ್ ವಾಪಸು ಪಡೆಯಲಾಗಿದೆ, ಪ್ರಕರಣ ಮುಕ್ತಾಯ ಎಂದು ಹೇಳಿ ಬರೆಸಿದರು. ಚಾಂದ್ ಪಾಷಾ ಎದ್ದು ತಲೆಬಾಗಿದರು.

ಅಜ್ಜಿ ಕಟಕಟೆಯಿಂದ ಇಳಿಯಲಿಲ್ಲ.

"ಆಯ್ತು ಅಜ್ಜಿ, ಹೋಗಬಹುದು," ಎಂದರು ಜಡ್ಜಮ್ಮ.

"ತಾಯಿ, ಹಂಗಾದ್ರೆ ಭಾನುವಾರ ಅವರು ಬರ್ಬೋದಾ? ಯಾರೂ ಹಿಡಿಯಲ್ವಾ?"

"ಯಾರೂ ಹಿಡಿಯಲ್ಲ. ಬರಬಹುದು."

ಟೈಪಿಸ್ಟು ಬೆರಳು ಮೇಲೆತ್ತಿಕೊಂಡು ಕೇಳಿದರು, "ಮೇಡಂ, ಇದನ್ನೂ ಹಾಕ್ಲಾ?"

ಜಡ್ಜಮ್ಮ ಮುಂದಿನ ಫೈಲು ಕೈಗೆತ್ತಿಕೊಂಡಿದ್ದರು. ಅದನ್ನು ಕೆಳಗಿಟ್ಟರು. "ಹಾಕಿ," ಎಂದರು.

ಡೆತ್ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ. ಮರಣ ಹೊಂದಿದ ಸ್ಥಳ ಎಂಬ ಅಂಕಣದಲ್ಲಿ ಏನು ಬರೆಯುವುದೆಂದು ಗುರುರಾಜ್ ಅವರು ಮೇಲಿನವರಿಗೆ ಪತ್ರ ಬರೆದು ಕಾಯುತ್ತಿದ್ದಾರೆ. ಅದರ ಚಿಂತೆ ನಮಗಿಲ್ಲ. ಭಾನುವಾರ ಸಂಜೆ ಅಜ್ಜಿ ಎಲೆ ಹಾಕಿ ಎಲ್ಲ ಬಡಿಸಿದಳು. ಬಾಗಿಲು ಮುಂದೆ ಮಾಡುವ ಮೊದಲು ನನ್ನನ್ನು ಕರೆದು, ಕೋರ್ಟಿನ ಆದೇಶ ತಗೊಂಡು ಬಾ ಎಂದಳು. ಪ್ರಿಂಟ್ ತೆಗೆದಿಟ್ಟಿದ್ದೆ. ಹೊಸ್ತಿಲಲ್ಲಿ ನಿಂತು ಓದಿದೆ.

"ಅಷ್ಟು ಮೆತ್ತಗೆ ಓದಿದ್ರೆ ಹೆಂಗೆ?" ಎಂದು ರೇಗಿದಳು. "ಅವರಿಗೆ ಎಡಗಿವಿ ಕೇಳಿಸಲ್ಲ. ಈ ಸಲ ಹೆದ್ರಿಕೊಂಡು ಎಲ್ಲೋ ದೂರ ನಿಂತಿರ್ತಾರೆ. ರೋಡಿಗೆ ಹೋಗಿ ಜೋರಾಗಿ ಓದು."

ಗೇಟು ದಾಟಿ ರಸ್ತೆಗೆ ಹೋದೆ. ಟೆಕ್ ಪಾರ್ಕಿನ ಕ್ಯಾಬುಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ಕಿಟಕಿ ಇಳಿಸಿ ನನ್ನನ್ನೇ ನೋಡತೊಡಗಿದರು. ಕೇಸಿನ ನಂಬರಿನಿಂದ ಹಿಡಿದು ಒಂದೊಂದೇ ಸಾಲನ್ನು, ನನಗೆ ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ಓದಿದೆ. ಕೊನೆಯ ಸಾಲನ್ನು ಎರಡು ಸಲ ಓದಿದೆ: "ಮುನಿಆಂಜನಪ್ಪ ಎಂಬುವವರು ತಮ್ಮ ಮನೆಗೆ ಬಂದು ಹೋಗಲು ಈ ನ್ಯಾಯಾಲಯದ ಅಡ್ಡಿ ಇರುವುದಿಲ್ಲ."

"ಸಾಕು ಬಾ," ಎಂದು ಅಜ್ಜಿ ಬಾಗಿಲಿನಿಂದ ಕರೆದಳು. "ದಾರಿಗೆ ಅಡ್ಡ ನಿಂತ್ಕೋಬೇಡ."

ನಾನು ಪಕ್ಕಕ್ಕೆ ಸರಿದು ನಿಂತೆ.